ಕಳುವಾದ ಕಾರಿನ ಹುಡುಕಾಟದಲ್ಲಿ ದಾವಣಗೆರೆಯ ಕಾರು ಬಳಗ: ಒಂದು ವಿಮರ್ಶೆ

ದಾವಣಗೆರೆಯಲ್ಲಿ ಕಾರು ಮಾಲೀಕರ ಬಳಗವೊಂದಿದೆ. ಅದಕ್ಕೆ ಕಚೇರಿಯಿಲ್ಲ, ಬೋರ್ಡಿಲ್ಲ. ವರ್ಷಕ್ಕೊಮ್ಮೆ ಸಣ್ಣ ಮೊತ್ತದ ಚಂದಾ ಪಡೆಯುತ್ತದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸದಸ್ಯರೆಲ್ಲ ಒಂದೆಡೆ ಸೇರಿ ಟೈರು, ಬ್ಯಾಟರಿ, ವಿಮೆ, ಯಾವ ಗ್ಯಾರೇಜಿನವನು ನಂಬಿಕಸ್ಥ ಎಂಬಂಥ ಮಾತುಗಳನ್ನಾಡಿ, ಬೆಣ್ಣೆದೋಸೆ ತಿಂದು ಚದುರುತ್ತಾರೆ. ಇಂಥ ಬಳಗವನ್ನು ಒಂದು ಸೇವೆಯೆಂದು ಪರಿಗಣಿಸಿ ವಿಮರ್ಶಿಸುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಚಂದಾ ಪಡೆಯುವಾಗ ‘ಕಷ್ಟಕಾಲದಲ್ಲಿ ನೆರವು’ ಎಂದು ಹೇಳಿಯೇ ಪಡೆಯುವುದರಿಂದ ಆ ನೆರವು ಎಂಥದ್ದು, ಎಲ್ಲಿಯವರೆಗೆ ಬರುತ್ತದೆ ಎಂದು ನೋಡುವ ಹಕ್ಕು ಸದಸ್ಯರಿಗೆ ಇದ್ದೇ ಇದೆ. ಬಳಗದ ಹಿರಿಯ ಸದಸ್ಯರೊಬ್ಬರ ಕಾರು ಕಳುವಾದಾಗ ನಡೆದ ಹುಡುಕಾಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅದರಲ್ಲಿ ಅಲ್ಪಸ್ವಲ್ಪ ಕೈಜೋಡಿಸಿಯೂ ಇದ್ದೇನೆ. ಹೊಸದಾಗಿ ಸೇರಬೇಕೆಂದಿರುವವರಿಗೆ ಉಪಯೋಗವಾಗಲೆಂದು ಈ ವಿವರಗಳನ್ನು ಬರೆಯುತ್ತಿದ್ದೇನೆ.

ಕಳುವಾದದ್ದು 2014ರ ಮಾದರಿಯ ಬಿಳಿ ಡಿಸೈರ್. ಮಾಲೀಕರು ನಿವೃತ್ತ ಉಪನ್ಯಾಸಕರು, ಬಳಗದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಕಲ್ಯಾಣ ಮಂಟಪವೊಂದರ ಪಕ್ಕದ ರಸ್ತೆಯಲ್ಲಿ ಸಂಜೆ ನಿಲ್ಲಿಸಿದ್ದ ಗಾಡಿ, ಆರತಕ್ಷತೆ ಮುಗಿಸಿ ಊಟ ಮಾಡಿ ಹೊರಬರುವಷ್ಟರಲ್ಲಿ ಅಲ್ಲಿರಲಿಲ್ಲ. ಬಿಳಿ ಡಿಸೈರ್ ಎಂದರೆ ಮಧ್ಯ ಕರ್ನಾಟಕದ ಯಾವುದೇ ರಸ್ತೆಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ತಾಗುವಷ್ಟು ಸಾಮಾನ್ಯವಾದ ಗಾಡಿ. ಅದನ್ನು ಬಣ್ಣ ಮತ್ತು ಮಾದರಿಯ ಮೇಲೆ ಹುಡುಕಲು ಹೊರಡುವುದು ವ್ಯರ್ಥವೆಂಬುದು ಬಳಗದ ಸಂಚಾಲಕರಿಗೆ ಮೊದಲ ಕ್ಷಣದಲ್ಲೇ ಹೊಳೆದಿತ್ತು. ಇಡೀ ಹುಡುಕಾಟದಲ್ಲಿ ಮೆಚ್ಚತಕ್ಕದ್ದು ಬಹುತೇಕ ಇಲ್ಲಿಂದಲೇ ಹುಟ್ಟಿತು.

ಮೇಷ್ಟ್ರ ಫೋನು ಬಂದ ಕೂಡಲೇ ಸಂಚಾಲಕರು ಎಲ್ಲರಿಗೂ ಸಂದೇಶ ಕಳಿಸಲಿಲ್ಲ. ಮೊದಲು 112ಕ್ಕೆ ಕರೆ ಮಾಡಿಸಿದರು, ಬಳಿಕ ಬಳಗದಲ್ಲಿರುವ ವಕೀಲರೊಬ್ಬರನ್ನು ಮೇಷ್ಟ್ರ ಜೊತೆಗೆ ಠಾಣೆಗೆ ಕಳಿಸಿದರು. ಮಂಟಪವಿರುವ ಜಾಗ ಯಾವ ಠಾಣೆಯ ಸರಹದ್ದಿಗೆ ಬರುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಿತಂತೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು ಎಂದು ವಕೀಲರು ವಿನಯದಿಂದಲೇ ನೆನಪಿಸಿದರು. ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ರಾತ್ರಿಯೇ ಎಫ್‌ಐಆರ್ ಆಯಿತು. ವಯಸ್ಸಾದವರೊಬ್ಬರು ಒಂಟಿಯಾಗಿ ಹೋಗಿದ್ದರೆ ‘ನಾಳೆ ಬೆಳಿಗ್ಗೆ ಬನ್ನಿ’ ಎಂಬ ಮಾತಿಗೆ ತಲೆಯಾಡಿಸಿ ಮನೆಗೆ ಬಂದುಬಿಡುತ್ತಿದ್ದರು ಎಂಬುದು ನನ್ನ ಊಹೆ. ನೂರು ಜನ ರಸ್ತೆಗಿಳಿಯುವುದಕ್ಕಿಂತ ಕಾನೂನು ಬಲ್ಲ ಒಬ್ಬರು ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತದ್ದೇ ದೊಡ್ಡ ಉಪಕಾರವಾಯಿತು.

ಬಳಗಕ್ಕೆ ಸೇರುವಾಗ ಪ್ರತಿಯೊಬ್ಬರಿಂದಲೂ ‘ಗುರುತಿನ ಹಾಳೆ’ಯೊಂದನ್ನು ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ, 17 ಅಕ್ಷರ ಮತ್ತು ಅಂಕಿಗಳ ಚಾಸಿ ಸಂಖ್ಯೆ ಮಾತ್ರವಲ್ಲದೆ, ನಿಮ್ಮ ಗಾಡಿಯನ್ನು ಅದೇ ಬಣ್ಣದ ಇನ್ನೊಂದು ಗಾಡಿಯಿಂದ ಬೇರ್ಪಡಿಸುವ ಗೀರು, ತಗ್ಗು, ಬದಲಿಸಿದ ಬಿಡಿಭಾಗ ಇತ್ಯಾದಿಗಳನ್ನೂ ಫೋಟೊ ಸಹಿತ ಕೊಡಬೇಕು. ಸೇರುವಾಗ ಇದು ಕಿರಿಕಿರಿಯೆನಿಸುತ್ತದೆ. ತನ್ನ ಹೊಸ ಕಾರಿಗೆ ಒಂದು ಗೀರೂ ಇಲ್ಲವೆಂದು ಹೆಮ್ಮೆಯಿಂದ ಹಾಳೆಯನ್ನು ಖಾಲಿ ಬಿಟ್ಟ ಸದಸ್ಯರೂ ಇದ್ದಾರೆ. ಆ ರಾತ್ರಿ ಸಂಚಾಲಕರು ಮೇಷ್ಟ್ರ ಹಾಳೆಯನ್ನು ಮುಂದಿಟ್ಟುಕೊಂಡು ಸಿದ್ಧಪಡಿಸಿದ ಸಂದೇಶವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ, ನೋಂದಣಿ ಸಂಖ್ಯೆಯನ್ನು ಮಾತ್ರ ಬಿಟ್ಟಿದ್ದೇನೆ:

“ಬಿಳಿ ಡಿಸೈರ್, 2014ರ ಮಾದರಿ. ಮುಂದಿನ ಬಲಗಡೆಯ ವೀಲ್ ಕ್ಯಾಪ್ ಮಾತ್ರ ಬೇರೆ ವಿನ್ಯಾಸದ್ದು. ಎಡಗಡೆ ಹಿಂಬಾಗಿಲಿನ ಹಿಡಿಕೆಯ ಕೆಳಗೆ ಬೆರಳುದ್ದದ ಗೀರು ಇದೆ, ಅದರ ಮೇಲೆ ಹಚ್ಚಿದ ಬಣ್ಣ ಮಿಕ್ಕ ಬಿಳುಪಿಗಿಂತ ಮಂಕಾಗಿದೆ. ಹಿಂದಿನ ಬಂಪರಿನ ಬಲ ಮೂಲೆಯನ್ನು ಒಳಗಿನಿಂದ ತಂತಿ ಕಟ್ಟಿ ನಿಲ್ಲಿಸಲಾಗಿದೆ. ನಂಬರ್ ಪ್ಲೇಟ್ ಬದಲಾಗಿರಬಹುದು, ಅದನ್ನು ನೆಚ್ಚಬೇಡಿ. ಕಂಡರೆ ತಡೆಯಬೇಡಿ, ಮುಟ್ಟಬೇಡಿ, ಹಿಂಬಾಲಿಸಬೇಡಿ. 112ಕ್ಕೆ ಸ್ಥಳ ಮತ್ತು ಸಮಯ ತಿಳಿಸಿ, ನಂತರ ನಮಗೆ ತಿಳಿಸಿ.”

ಕಾರು ಕಳುವಾದ ಬಗ್ಗೆ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನು ನಾವೆಲ್ಲ ನೋಡಿದ್ದೇವೆ. ಶೋರೂಮಿನಿಂದ ತಂದ ದಿನ ಹಾರ ಹಾಕಿ ತೆಗೆಸಿಕೊಂಡ ಫೋಟೊ, ಕೆಂಪು ಅಕ್ಷರದಲ್ಲಿ ನಂಬರು, ‘ದಯವಿಟ್ಟು ಎಲ್ಲ ಗ್ರೂಪಿಗೂ ಕಳಿಸಿ’ ಎಂಬ ವಿನಂತಿ, ಇವಿಷ್ಟೇ ಅಲ್ಲಿರುತ್ತವೆ. ಕಳ್ಳ ಮೊದಲು ಕಿತ್ತೆಸೆಯುವುದೇ ನಂಬರ್ ಪ್ಲೇಟನ್ನು, ಆದ್ದರಿಂದ ಅಂಥ ಸಂದೇಶ ಎಷ್ಟು ಮಂದಿಗೆ ತಲುಪಿದರೂ ನೋಡುವವರು ಏನನ್ನು ನೋಡಬೇಕೆಂಬುದೇ ಅವರಿಗೆ ತಿಳಿಯುವುದಿಲ್ಲ. ನಾನು ಕಂಡ ಇಂಥ ಸಂದೇಶಗಳಲ್ಲಿ ಉಪಯೋಗಕ್ಕೆ ಬರುವಂತೆ ಬರೆದದ್ದು ಇದೊಂದೇ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ.

ಎರಡನೆಯ ಒಳ್ಳೆಯ ಸಲಹೆ ಫಾಸ್ಟ್‌ಟ್ಯಾಗಿಗೆ ಸಂಬಂಧಿಸಿದ್ದು. ಗಾಡಿ ಹೋದ ಗಾಬರಿಯಲ್ಲಿ ಮೇಷ್ಟ್ರ ಮಗ ಮೊದಲು ಮಾಡಹೊರಟಿದ್ದು, ಅದರಲ್ಲಿದ್ದ ಹಣ ಉಳಿಸಲು ಟ್ಯಾಗನ್ನು ಸ್ಥಗಿತಗೊಳಿಸುವುದನ್ನು. “ಬಂದ್ ಮಾಡಿಸಬೇಡಪ್ಪಾ, ನೂರಿನ್ನೂರು ಹೋದರೆ ಹೋಗಲಿ, ಮೆಸೇಜ್ ಬಂದರೆ ಗಾಡಿ ಯಾವ ದಿಕ್ಕಿಗೆ ಹೋಯಿತೆಂದಾದರೂ ಗೊತ್ತಾಗುತ್ತೆ” ಎಂದು ಸಂಚಾಲಕರು ತಡೆದರು. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾಗಿದೆ, ಹಣ ಕಡಿತವಾದೊಡನೆ ಮಾಲೀಕರ ಮೊಬೈಲಿಗೆ ಟೋಲಿನ ಹೆಸರಿನೊಂದಿಗೆ ಸಂದೇಶ ಬರುತ್ತದೆ. ದಾವಣಗೆರೆಯಿಂದ 48ನೆಯ ಹೆದ್ದಾರಿ ಹಿಡಿದು ಚಿತ್ರದುರ್ಗದ ಕಡೆಗೆ ಹೋದರೆ ಹೆಬ್ಬಾಳು ಟೋಲ್, ರಾಣೆಬೆನ್ನೂರಿನ ಕಡೆಗೆ ಹೋದರೆ ಚಳಗೇರಿ ಟೋಲ್ ಸಿಗುತ್ತದೆ. ಬೆಳಗಿನವರೆಗೆ ಕಾದರೂ ಯಾವ ಸಂದೇಶವೂ ಬರಲಿಲ್ಲ. ಅಂದರೆ ಗಾಜಿನ ಮೇಲಿನ ಟ್ಯಾಗನ್ನು ಕಿತ್ತಿರಬೇಕು, ಇಲ್ಲವೇ ಜಗಳೂರು, ಚನ್ನಗಿರಿ, ಹೊನ್ನಾಳಿಯ ಕಡೆಯ ಟೋಲಿಲ್ಲದ ಒಳದಾರಿ ಹಿಡಿದಿರಬೇಕು, ಅದೂ ಅಲ್ಲದಿದ್ದರೆ ಗಾಡಿ ಇನ್ನೂ ಊರೊಳಗೇ ಇರಬೇಕು. ಸಂದೇಶ ಬಾರದಿರುವುದೂ ಒಂದು ಮಾಹಿತಿಯೇ ಎಂದು ಹಿಡಿದು ಹುಡುಕಾಟವನ್ನು ಮುಂದುವರಿಸಿದ ರೀತಿ ನನಗೆ ಹಿಡಿಸಿತು. ಟೋಲಿನ ಕ್ಯಾಮೆರಾ ದೃಶ್ಯ ಬೇಕೆಂದು ಇಬ್ಬರು ಸದಸ್ಯರು ನೇರವಾಗಿ ಹೋಗಿ ಕೇಳಿದರು, ಸಿಬ್ಬಂದಿ ಕೊಡಲಿಲ್ಲ. ಅವರು ಕೊಡದೇ ಇದ್ದದ್ದು ಸರಿಯೇ ಆಗಿದೆ, ಅದನ್ನು ಕೇಳಬೇಕಾದವರು ಪೊಲೀಸರು.

ಬೆಳಗಾದ ಮೇಲೆ ಬಳಗದ ಹುಡುಕಾಟ ಎರಡು ಹೋಳಾಯಿತು. ಯುವಕರ ಗುಂಪೊಂದು ಕಾರುಗಳನ್ನು ಹತ್ತಿ ಹದಡಿ ರಸ್ತೆ, ಬಾಡಾ ಕ್ರಾಸ್, ಆವರಗೆರೆ, ಹರಿಹರದ ಕಡೆಗೆಲ್ಲ ಸುತ್ತಲು ಹೊರಟಿತು. ಇನ್ನೊಂದು ಗುಂಪು ಮನೆ ಬಿಟ್ಟು ಹೊರಡಲೇ ಇಲ್ಲ. ಅವರವರ ಕಸುಬಿನ ಸಂಪರ್ಕಗಳನ್ನು ಹಿಡಿದು ಫೋನು ಮಾಡುತ್ತ ಕೂತಿತು. ಟೈರು ವ್ಯಾಪಾರದ ಸದಸ್ಯರೊಬ್ಬರು ಪಂಕ್ಚರ್ ಅಂಗಡಿಗಳಿಗೂ, ಬಿಡಿಭಾಗದ ಅಂಗಡಿಯವರು ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್ಡುಗಳಿಗೂ, ಲಾರಿ ಇಟ್ಟುಕೊಂಡವರು ಡಾಬಾ ಮತ್ತು ಪೆಟ್ರೋಲ್ ಬಂಕುಗಳಿಗೂ ಆ ಸಂದೇಶವನ್ನು ಮುಟ್ಟಿಸಿದರು. ಕಾರಿನ ಕೀಲಿ ಮಾಡುವವರು, ಗುಜರಿ ಅಂಗಡಿಗಳು, ಹಳೆಯ ಕಾರು ಮಾರುವ ದಲ್ಲಾಳಿಗಳು ಯಾರೂ ಬಿಟ್ಟುಹೋಗಲಿಲ್ಲ. ಈಚಿನ ಕಾರುಗಳ ಕೀಲಿಯಲ್ಲಿ ಚಿಪ್ ಇರುತ್ತದೆ, ಅದನ್ನು ಗಾಡಿಯ ಇಮ್ಮೊಬಿಲೈಸರ್ ಗುರುತಿಸದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಆದ್ದರಿಂದ ಕದ್ದವನು ಅದನ್ನು ಮೀರುವ ಉಪಕರಣವುಳ್ಳ ಕೈಚಳಕದವನಾಗಿರಬೇಕು, ಇಲ್ಲವೇ ಗಾಡಿಯನ್ನು ಎಳೆದೊಯ್ದು ಎಲ್ಲೋ ನಿಲ್ಲಿಸಿರಬೇಕು ಎಂಬುದು ಈ ಗುಂಪಿನ ತರ್ಕವಾಗಿತ್ತು. ಎರಡೂ ಸಂದರ್ಭದಲ್ಲಿ ಗಾಡಿಗೆ ಬೇರೆಯವರ ಕೈ ಬೇಕೇಬೇಕು, ಆ ಕೈಗಳೆಲ್ಲ ಬಳಗದ ಯಾರಿಗಾದರೂ ಪರಿಚಯವಿರುವವೇ.

ಸುತ್ತಲು ಹೋದವರ ಉತ್ಸಾಹಕ್ಕೆ ಗೌರವವಿದೆ, ಆದರೆ ಅದರಿಂದ ಡೀಸೆಲ್ ಸುಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಷ್ಟೇ ಆಗಿದ್ದರೆ ದೂರುವ ಕಾರಣವಿರಲಿಲ್ಲ. ಹರಿಹರದ ದಾರಿಯಲ್ಲಿ ಒಂದು ಬಿಳಿ ಡಿಸೈರನ್ನು ಇಬ್ಬರು ಯುವಕರು ಅಡ್ಡಗಟ್ಟಿ ನಿಲ್ಲಿಸಿದರು. ಅದರಲ್ಲಿದ್ದದ್ದು ಆಸ್ಪತ್ರೆಗೆ ಹೊರಟಿದ್ದ ಒಂದು ಕುಟುಂಬ. ದಾಖಲೆ ತೋರಿಸಿ ಎಂದು ಕೇಳುವ ಅಧಿಕಾರ ಇವರಿಗೆಲ್ಲಿಯದು? ಆ ಮನೆಯವರು ಒಳ್ಳೆಯವರಾಗಿದ್ದರಿಂದ ನಾಲ್ಕು ಮಾತು ಬೈದು ಹೊರಟುಹೋದರು. ತಿರುಗಿಬಿದ್ದು ದೂರು ಕೊಟ್ಟಿದ್ದರೆ ಕಳ್ಳನಿಗಿಂತ ಮೊದಲು ನಮ್ಮವರೇ ಠಾಣೆಯಲ್ಲಿ ಕೂರಬೇಕಾಗುತ್ತಿತ್ತು. ‘ತಡೆಯಬೇಡಿ’ ಎಂದು ಸ್ಪಷ್ಟವಾಗಿ ಬರೆದ ಸಂದೇಶವನ್ನು ಓದಿಯೂ ಹೀಗೆ ನಡೆದುಕೊಂಡದ್ದನ್ನು ಬಳಗ ಸಭೆಯಲ್ಲಿ ಗಟ್ಟಿಯಾಗಿ ಖಂಡಿಸಬೇಕಿತ್ತು. ಸಂಚಾಲಕರು ಅವರಿಬ್ಬರಿಗೂ ಫೋನಿನಲ್ಲಿ ತಿಳಿಹೇಳಿ ಮಾತನ್ನು ಮುಗಿಸಿದ್ದು ಸಾಕಾಗಲಿಲ್ಲವೆಂದು ನನ್ನ ಅಭಿಪ್ರಾಯ.

ಇನ್ನೊಂದು ಲೋಪವೂ ನಡೆಯಿತು. ಸದಸ್ಯರಲ್ಲೊಬ್ಬರು, ಒಳ್ಳೆಯ ಉದ್ದೇಶದಿಂದಲೇ, ಮೂಲ ಸಂದೇಶಕ್ಕೆ ಮೇಷ್ಟ್ರ ಮೊಬೈಲ್ ಸಂಖ್ಯೆ ಮತ್ತು ಗಾಡಿಯ ನೋಂದಣಿ ಪತ್ರದ (ಆರ್‌ಸಿ) ಫೋಟೊ ಸೇರಿಸಿ ಹಂಚಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅಪರಿಚಿತ ಕರೆಯೊಂದು ಬಂದಿತು. ಗಾಡಿ ತನ್ನ ಕಣ್ಣೆದುರಿಗೇ ನಿಂತಿದೆ, ಇಂತಿಷ್ಟು ಹಣವನ್ನು ಫೋನ್‌ಪೇ ಮಾಡಿದರೆ ಜಾಗ ಹೇಳುವೆನೆಂದು ಕರೆ ಮಾಡಿದವನು ಹೇಳಿದ. ಮೇಷ್ಟ್ರು ಅರ್ಧ ಒಪ್ಪಿಕೊಂಡಿದ್ದರು. ಪಕ್ಕದಲ್ಲಿದ್ದ ವಕೀಲರು ಫೋನು ಇಸಿದುಕೊಂಡು, ಮುಂದಿನ ಬಲಗಡೆಯ ಚಕ್ರ ಹೇಗಿದೆ ಹೇಳಿ ಎಂದು ಕೇಳಿದರು. ಕರೆ ಕಡಿತವಾಯಿತು. ಚಾಸಿ ಸಂಖ್ಯೆಯನ್ನೂ ಆರ್‌ಸಿಯನ್ನೂ ಹೀಗೆ ಬೀದಿಗೆ ಬಿಡುವುದು ಅಪಾಯಕರ, ಅದೇ ವಿವರಗಳನ್ನು ಹಿಡಿದು ಇನ್ನೊಂದು ಕದ್ದ ಗಾಡಿಗೆ ದಾಖಲೆ ಸೃಷ್ಟಿಸುವವರೂ ಇದ್ದಾರೆ.

ಗಾಡಿ ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಚಳ್ಳಕೆರೆ ಗೇಟ್ ಕಡೆಯ ಒಂದು ಖಾಲಿ ನಿವೇಶನದಲ್ಲಿ. ಕಂಡವರು ಬಳಗದ ಸದಸ್ಯರೂ ಅಲ್ಲ. ನಮ್ಮ ಟೈರು ವ್ಯಾಪಾರಿಯಿಂದ ಮಾಲು ಒಯ್ಯುವ ಪಂಕ್ಚರ್ ಅಂಗಡಿಯವರೊಬ್ಬರು. ಚಿತ್ರದುರ್ಗದಿಂದ ಹೊಸಪೇಟೆ, ಶಿವಮೊಗ್ಗ, ಚಳ್ಳಕೆರೆ, ಬೆಂಗಳೂರು ಎಂದು ನಾಲ್ಕು ದಿಕ್ಕಿಗೂ ದೊಡ್ಡ ರಸ್ತೆಗಳು ಹೊರಡುತ್ತವೆ, ಕದ್ದ ಮಾಲನ್ನು ಸ್ವಲ್ಪ ದಿನ ಇಟ್ಟು ಮುಂದಕ್ಕೆ ಸಾಗಿಸುವವರಿಗೆ ಅನುಕೂಲದ ಜಾಗ. ಕದ್ದ ಕಾರನ್ನು ತಕ್ಷಣ ಮಾರಲು ಒಯ್ಯದೆ, ಅದರಲ್ಲಿ ಜಿಪಿಎಸ್ ಇದ್ದು ಯಾರಾದರೂ ಹುಡುಕಿಕೊಂಡು ಬರುತ್ತಾರೇನೋ ಎಂದು ಹೀಗೆ ಎಲ್ಲೋ ನಿಲ್ಲಿಸಿ ಕಾಯುವ ರೂಢಿಯೂ ಇದೆ. ಪಂಕ್ಚರ್ ಅಂಗಡಿಯವರ ಕಣ್ಣಿಗೆ ಬಿದ್ದದ್ದು ಮೂರು ಚಕ್ರಕ್ಕೆ ಒಂದು ಬಗೆಯ, ನಾಲ್ಕನೆಯದಕ್ಕೆ ಇನ್ನೊಂದು ಬಗೆಯ ವೀಲ್ ಕ್ಯಾಪ್. ದಿನವಿಡೀ ಚಕ್ರಗಳನ್ನೇ ನೋಡುವ ಮನುಷ್ಯನಿಗಲ್ಲದೆ ಬೇರೆ ಯಾರಿಗೆ ಅದು ಕಾಣಬೇಕು!

ಅವರು ಕಳಿಸಿದ ಫೋಟೊಗಳನ್ನು ನಾನೂ ನೋಡಿದೆ. ಮೇಷ್ಟ್ರು ಹಾಕಿಸಿದ್ದ ಎಚ್‌ಎಸ್‌ಆರ್‌ಪಿ, ಅಂದರೆ ಅತಿಸುರಕ್ಷಿತ ನಂಬರ್ ಪ್ಲೇಟು ಇರಲಿಲ್ಲ. ಅದನ್ನು ಕೂರಿಸಿದ್ದ, ಒಮ್ಮೆ ತೆಗೆದರೆ ಮತ್ತೆ ಬಳಕೆಗೆ ಬಾರದ ಸ್ನ್ಯಾಪ್ ಲಾಕ್‌ಗಳು ಒಡೆದು, ಆ ತೂತುಗಳಿಗೆ ಸಾಮಾನ್ಯ ಸ್ಕ್ರೂ ಹಾಕಿ ಬೇರೊಂದು ಪ್ಲೇಟನ್ನು ಬಿಗಿದಿದ್ದರು. ಮುಂದಿನ ಗಾಜಿನಲ್ಲಿ ಫಾಸ್ಟ್‌ಟ್ಯಾಗ್ ಕಿತ್ತ ಜಾಗದಲ್ಲಿ ಅಂಟು ಹಾಗೆಯೇ ಉಳಿದು ಅದರ ಮೇಲೆ ದೂಳು ಕೂತಿತ್ತು. ಹಿಂಬಾಗಿಲಿನ ಗೀರು, ಬಂಪರಿನ ತಂತಿ ಎರಡೂ ಇದ್ದಲ್ಲೇ ಇದ್ದವು. ಹೊಸ ಪ್ಲೇಟಿನ ಸಂಖ್ಯೆಯನ್ನು ವಾಹನಗಳ ವಿವರ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿದಾಗ ಅದು ಬೇರೆಯೇ ಮಾದರಿಯ ಗಾಡಿಯದ್ದೆಂದು ತೋರಿಸಿತು. ಇಷ್ಟಾದ ಮೇಲೂ ಯಾರೊಬ್ಬರೂ ಬಾಗಿಲು ಮುಟ್ಟಲಿಲ್ಲ. ಬೆರಳಚ್ಚು ಅಳಿಸಿಹೋಗುತ್ತದೆಂದು ಸಂಚಾಲಕರು ಫೋನಿನಲ್ಲೇ ಮತ್ತೆಮತ್ತೆ ಎಚ್ಚರಿಸುತ್ತಿದ್ದರು. ಪೊಲೀಸರು ಬಂದು ಚಾಸಿ ಸಂಖ್ಯೆ ತಾಳೆ ನೋಡಿ ಗಾಡಿಯನ್ನು ವಶಕ್ಕೆ ಪಡೆದರು.

ಗಾಡಿ ಸಿಕ್ಕ ಸುದ್ದಿ ಬಂದ ದಿನ ಬಳಗದಲ್ಲಿ ಹಬ್ಬದ ಸಂಭ್ರಮವಿತ್ತು. ಮರುದಿನದಿಂದ ಯಾರೂ ಇಲ್ಲ. ನನ್ನ ಮುಖ್ಯ ಅಸಮಾಧಾನ ಇಲ್ಲಿದೆ. ಸಿಕ್ಕ ಗಾಡಿ ನೇರವಾಗಿ ಮನೆಗೆ ಬರುವುದಿಲ್ಲ. ಅದು ಪ್ರಕರಣದ ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತು. ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ಬಾಂಡ್ ಬರೆದುಕೊಡಬೇಕು, ಜಾಮೀನು ಕೊಡಬೇಕು, ಕರೆದಾಗ ಗಾಡಿಯನ್ನು ಹಾಜರುಪಡಿಸುವೆನೆಂದು ಒಪ್ಪಬೇಕು. ಇಂಥ ವಾಹನಗಳನ್ನು ಠಾಣೆಯ ಅಂಗಳದಲ್ಲಿ ಬಹುಕಾಲ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ, ಆದರೆ ಆ ತೀರ್ಪನ್ನು ಉಲ್ಲೇಖಿಸಿ ಅರ್ಜಿ ಬರೆಯಲು ತಿಳಿದವರು ಬೇಕು, ಓಡಾಡಲು ಕಾಲು ಬೇಕು. ಹುಡುಕುವ ಸಡಗರದಲ್ಲಿ ನಾನು ಮುಂದೆ, ತಾನು ಮುಂದೆ ಎಂದವರಲ್ಲಿ ಜಾಮೀನಿಗೆ ನಿಲ್ಲಲು ಬಂದವರು ಕಡಿಮೆ. ವಕೀಲರು ಶುಲ್ಕ ಪಡೆಯದೆ ಕೊನೆಯವರೆಗೂ ನಿಂತರು, ವಿಮಾ ಏಜೆಂಟರಾಗಿರುವ ಸದಸ್ಯರೊಬ್ಬರು ಕಾಗದಪತ್ರ ನೋಡಿಕೊಂಡರು. ಮಿಕ್ಕ ಬಳಗಕ್ಕೆ ಆ ವಿಷಯ ಹಳತಾಗಿತ್ತು.

ಆ ಏಜೆಂಟರು ಮೊದಲ ರಾತ್ರಿಯೇ ಮಾಡಿಸಿದ ಎರಡು ಕೆಲಸಗಳನ್ನು ಇಲ್ಲಿ ಹೇಳಲೇಬೇಕು. ಗಾಡಿಯ ಎರಡೂ ಮೂಲ ಕೀಲಿಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿಡಲು ಹೇಳಿದರು, ಏಕೆಂದರೆ ಕಳವಿನ ಕ್ಲೇಮಿನಲ್ಲಿ ವಿಮಾ ಕಂಪನಿಗಳು ಎರಡನ್ನೂ ಕೇಳುತ್ತವೆ. ಜೊತೆಗೆ ಕಂಪನಿಗೆ ಆಗಲೇ ಇಮೇಲಿನಲ್ಲಿ ತಿಳಿಸಿಬಿಟ್ಟರು. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದಲ್ಲಿ ವಿಮಾ ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆಯಾದರೂ, ವ್ಯಾಜ್ಯ ಮಾಡಿ ಗೆಲ್ಲುವುದಕ್ಕಿಂತ ವ್ಯಾಜ್ಯಕ್ಕೆ ಎಡೆಯೇ ಇಲ್ಲದಂತೆ ಮಾಡುವುದು ಮೇಲು. ಮೇಷ್ಟ್ರ ವಿಮೆ ಕೇವಲ ಥರ್ಡ್ ಪಾರ್ಟಿಯದ್ದಾಗಿದ್ದರೆ ಇದಾವುದೂ ಉಪಯೋಗಕ್ಕೆ ಬರುತ್ತಿರಲಿಲ್ಲ, ಆ ಪಾಲಿಸಿಯಲ್ಲಿ ಕಳವಿಗೆ ಪರಿಹಾರವಿಲ್ಲ. ಅದೃಷ್ಟಕ್ಕೆ ಅವರು ಸಮಗ್ರ ವಿಮೆ ಮಾಡಿಸಿದ್ದರು. ಮುರಿದ ಸ್ಟೀರಿಂಗ್ ಲಾಕ್ ಮತ್ತು ವೈರಿಂಗಿನ ದುರಸ್ತಿ ಅದರಲ್ಲೇ ಆಯಿತು.

ಈ ಘಟನೆಯ ಬಳಿಕ ಬಳಗದವರು ಒಟ್ಟಾಗಿ ಜಿಪಿಎಸ್ ಟ್ರ್ಯಾಕರ್ ಹಾಕಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಸಾಧನ ಪರವಾಗಿಲ್ಲ. ಆದರೆ ಎಲ್ಲರ ಗಾಡಿಗೂ ಒಂದೇ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಕೈಗೆ ಸಿಗುವಂತೆ ಕೂರಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಒಳಗಿನ ಸಿಮ್ಮಿನ ಚಂದಾ ಮುಗಿದರೆ ಅದು ಬರೀ ಡಬ್ಬಿ ಎಂಬುದನ್ನೂ ಹಾಕಿಸಿಕೊಳ್ಳುವವರು ನೆನಪಿಡಬೇಕು.

ಸೇರಬೇಕೆನ್ನುವವರಿಗೆ ನನ್ನ ಸಲಹೆ ಹೀಗಿದೆ. ಬಳಗದ ಚಂದಾಕ್ಕೆ ತಕ್ಕ ಬೆಲೆ ಖಂಡಿತ ಇದೆ, ಆದರೆ ಅದು ಸದಸ್ಯರ ಸಂಖ್ಯೆಯಿಂದ ಬಂದದ್ದಲ್ಲ. ಒಬ್ಬ ಎಚ್ಚರದ ಸಂಚಾಲಕರು, ಒಬ್ಬ ವಕೀಲರು, ಒಬ್ಬ ವಿಮಾ ಏಜೆಂಟರು, ಮಂಡಿಪೇಟೆಯಿಂದ ಚಿತ್ರದುರ್ಗದವರೆಗೆ ಕಸುಬಿನ ನಂಟುಳ್ಳ ಕೆಲವು ವ್ಯಾಪಾರಿಗಳು, ಇಷ್ಟು ಮಂದಿ ಅಲ್ಲಿ ಇರುವವರೆಗೆ ಆ ಬೆಲೆ ಇರುತ್ತದೆ. ಗುರುತಿನ ಹಾಳೆಯನ್ನು ಉದಾಸೀನ ಮಾಡದೆ ತುಂಬಿ, ವರ್ಷಕ್ಕೊಮ್ಮೆ ಫೋಟೊಗಳನ್ನು ಬದಲಿಸಿ. ಆರ್‌ಸಿಯ ಪ್ರತಿಯನ್ನು ಸಂಚಾಲಕರಿಗಲ್ಲದೆ ಬೇರೆ ಯಾರಿಗೂ ಕೊಡಬೇಡಿ. ಹಳೆಯ ಕಾರು ಕೊಳ್ಳುವವರಿದ್ದರೆ, ಗಾಡಿ ಎಲ್ಲಾದರೂ ಕಳವಿನ ಪಟ್ಟಿಯಲ್ಲಿದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ದಲ್ಲಿ ನೋಡುವ ಕ್ರಮವನ್ನು ಬಳಗದವರೇ ಹೇಳಿಕೊಡುತ್ತಾರೆ, ಈ ಒಂದು ನೆರವು ಸದಸ್ಯರಲ್ಲದವರಿಗೂ ಉಂಟು.

ಮೇಷ್ಟ್ರ ಗಾಡಿ ಈಗ ಮನೆಯ ಕಾಂಪೌಂಡಿನೊಳಗಿದೆ, ಆದರೆ ಅದು ಕಳುವಾಗಿದೆಯೆಂಬ ಸಂದೇಶ ಇಂದಿಗೂ ಯಾವ್ಯಾವುದೋ ಊರಿನಿಂದ ಸುತ್ತಿ ಬರುತ್ತಲೇ ಇದೆ. ಮೊದಲ ಸಂದೇಶದಲ್ಲಿ ದಿನಾಂಕವಿರಲಿಲ್ಲ, ಸಿಕ್ಕಿತೆಂಬ ಸಂದೇಶವನ್ನು ಫೋಟೊ ಇಲ್ಲದೆ ಎರಡು ಸಾಲಿನಲ್ಲಿ ಕಳಿಸಿದ್ದರಿಂದ ಅದನ್ನು ಯಾರೂ ಮುಂದಕ್ಕೆ ದಾಟಿಸಲಿಲ್ಲ. ಮುಂದಿನ ಸಂದೇಶಗಳಲ್ಲಿ ದಿನಾಂಕ ಹಾಕುವುದಾಗಿಯೂ, ಗಾಡಿ ಸಿಕ್ಕಾಗ ಅದೇ ಫೋಟೊದ ಮೇಲೆ ‘ಸಿಕ್ಕಿದೆ’ ಎಂದು ದೊಡ್ಡದಾಗಿ ಬರೆದು ಕಳಿಸುವುದಾಗಿಯೂ ಸಂಚಾಲಕರು ಒಪ್ಪಿದ್ದಾರೆ. ಸದ್ಯಕ್ಕೆ ಮೇಷ್ಟ್ರು ಹೊರಗೂರಿಗೆ ಹೋಗುವಾಗ ನ್ಯಾಯಾಲಯದ ಬಿಡುಗಡೆ ಆದೇಶದ ಪ್ರತಿಯನ್ನು ಗಾಡಿಯಲ್ಲೇ ಇಟ್ಟುಕೊಂಡು ಹೋಗುತ್ತಾರೆ.